ಎಂಪಿಸಿಸಿ ಸದಸ್ಯತ್ವ: ಸೈಕ್ಲಿಂಗ್ ತಂಡದ ಮಾನ ಕಾಯುವುದೇ?

'ನಮ್ಮದು ಎಂಪಿಸಿಸಿ ಸದಸ್ಯ ತಂಡ' ಎಂಬ ಹೇಳಿಕೆಯನ್ನು ಹೆಲ್ಮೆಟ್ ಮೇಲಿನ ಐಎಸ್‌ಐ ಮುದ್ರೆಯಂತೆ ನಂಬಿಬಿಡಬೇಡಿ. 'ನಂಬಿಕೆಗೆ ಅರ್ಹವಾದ ಸೈಕ್ಲಿಂಗ್‌ಗಾಗಿ ಚಳವಳಿ' ಎಂಬರ್ಥದ ಫ್ರೆಂಚ್ ಹೆಸರಿನ, ಉದ್ದೀಪನ ಮದ್ದಿನ ವಿರುದ್ಧ ತಂಡಗಳು ತಾವಾಗಿಯೇ ಕಟ್ಟಿಕೊಂಡ ಈ ಒಕ್ಕೂಟ 2007ರ ಟೂರ್ ಡಿ ಫ್ರಾನ್ಸ್ ನಡೆಯುತ್ತಿದ್ದಾಗಲೇ ಹುಟ್ಟಿತು. ಸ್ಥಾಪಕ ತಂಡಗಳಲ್ಲಿ ಒಂದಾದ ಕೊಫಿಡಿಸ್‌ನ ಕ್ರಿಸ್ಟಿಯನ್ ಮೊರೆನಿ ಅದೇ ಟೂರ್‌ನಲ್ಲಿ ನಿಷೇಧಿತ ಟೆಸ್ಟೋಸ್ಟೆರಾನ್ ಬಳಸಿ ಸಿಕ್ಕಿಬಿದ್ದ. ಇಡೀ ತಂಡ ಗಂಟುಮೂಟೆ ಕಟ್ಟಿತು.

ಇಲ್ಲಿ ನಿಜಕ್ಕೂ ಬೆಲೆಬಾಳುವುದು ಕಾರ್ಟಿಸೋಲ್ ತಪಾಸಣೆ. ಕಾರ್ಟಿಸೋಲ್ ಅಡ್ರಿನಲ್ ಗ್ರಂಥಿ ಸ್ರವಿಸುವ ಹಾರ್ಮೋನ್. ಹೊರಗಿನಿಂದ ಅದರಂತೆಯೇ ಕೆಲಸ ಮಾಡುವ ಕಾರ್ಟಿಕೋಸ್ಟಿರಾಯ್ಡ್ ಔಷಧ ಸೇರಿದರೆ ಆ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತದೆ, ರಕ್ತದಲ್ಲಿ ಕಾರ್ಟಿಸೋಲ್ ಇಳಿಯುತ್ತದೆ. ಆ ಸ್ಥಿತಿಯಲ್ಲಿ ಬಿದ್ದು ಮೂಳೆ ಮುರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು. ಹಾಗಾಗಿ ಪ್ರಮಾಣ ಕಡಿಮೆ ಕಂಡವರಿಗೆ ಎಂಟು ದಿನ ವಿಶ್ರಾಂತಿ. ಸ್ಪೇನ್‌ನ ದೊಡ್ಡ ಸ್ಪರ್ಧೆಯಾದ ವುಎಲ್ಟಾಕ್ಕೆ 2014ರಲ್ಲಿ ಮುನ್ನ ಹಿಂದಿನ ವರ್ಷದ ವಿಜೇತ ಕ್ರಿಸ್ ಹಾರ್ನರ್‌ನನ್ನು ಲಂಪ್ರೆ ತಂಡ ಹೀಗೆಯೇ ಹೊರಗಿಟ್ಟಿತು. ಬ್ರಾಂಕೈಟಿಸ್‌ಗೆಂದು ಕಾರ್ಟಿಸೋನ್ ಸೇವಿಸಲು ಅವನಿಗೆ ವಿಶ್ವ ಸೈಕ್ಲಿಂಗ್ ಆಡಳಿತ ಸಂಸ್ಥೆ ಯುಸಿಐನ ಅನುಮತಿಯೇ ಇತ್ತು. ಎಂಪಿಸಿಸಿ ಆ ಚೀಟಿಗೆ ಸೊಪ್ಪು ಹಾಕಲಿಲ್ಲ. ಬ್ರ್ಯಾಡ್ಲಿ ವಿಗಿನ್ಸ್‌ಗೆ 2012ರ ಜೂನ್ 26ಕ್ಕೆ ಟ್ರಯಾಮ್ಸಿನೊಲೋನ್ ಎಂಬ ಕಾರ್ಟಿಕೋಸ್ಟಿರಾಯ್ಡ್ ಚುಚ್ಚುಮದ್ದಿನ ಅನುಮತಿ ಸಿಕ್ಕಿತ್ತು, ಟೂರ್ ಶುರುವಾದದ್ದು ಜೂನ್ 30ಕ್ಕೆ. ಯುಸಿಐ ನಿಯಮದ ಪ್ರಕಾರ ತಪ್ಪೇನಿಲ್ಲ. ಎಂಪಿಸಿಸಿ ಲೆಕ್ಕದಲ್ಲಿ ಎಂಟು ದಿನ ತುಂಬಿರಲಿಲ್ಲ. ಆದರೆ ಅವನ ತಂಡ ಟೀಮ್ ಸ್ಕೈ ಸದಸ್ಯತ್ವ ಪಡೆದೇ ಇರಲಿಲ್ಲ.

ದೋಷ ಇರುವುದು ವೇಳಾಪಟ್ಟಿಯಲ್ಲಿ. 2015ರ ಟೂರ್‌ಗೆ ಮುನ್ನ ಆಸ್ಟಾನಾದ ಲಾರ್ಸ್ ಬೂಮ್‌ನ ಕಾರ್ಟಿಸೋಲ್ ಕಡಿಮೆ ಎಂಬ ಫಲಿತಾಂಶ ಬರುವಷ್ಟರಲ್ಲಿ ಬದಲಿ ಆಟಗಾರನ ಹೆಸರು ಕೊಡುವ ಗಡುವು ಮುಗಿದಿತ್ತು. ಉಳಿದದ್ದು ಎರಡೇ ದಾರಿ: ಒಂಬತ್ತರ ಬದಲು ಎಂಟೇ ಜನರೊಂದಿಗೆ ಇಳಿಯುವುದು, ಇಲ್ಲವೇ ಮಾತು ಮುರಿಯುವುದು. ಆಸ್ಟಾನಾ ಬೂಮ್‌ನನ್ನು ಇಳಿಸಿತು, ಒಕ್ಕೂಟದಿಂದ ಹೊರಬಿತ್ತು. ಅಷ್ಟೇ. ಯುಸಿಐಗೆ ಅದು ಅಪರಾಧವೇ ಅಲ್ಲವಾದ್ದರಿಂದ ದಂಡವೂ ಇಲ್ಲ.

ತಂಡವೇ ಸ್ವಯಂಪ್ರೇರಿತವಾಗಿ ಸ್ಪರ್ಧೆಯಿಂದ ದೂರ ಉಳಿಯುವ ನಿಯಮದ ತೂಕ ಕ್ಯಾಲೆಂಡರ್ ನೋಡಿಕೊಂಡು ಬದಲಾಗುತ್ತದೆ. ಇಬ್ಬರು ಸವಾರರು ಸಿಕ್ಕಿಬಿದ್ದಾಗ ಎಜಿ2ಆರ್ ತಂಡ 2013ರಲ್ಲಿ ಫ್ರಾನ್ಸ್‌ನ ಡೋಫಿನೆ ಸ್ಪರ್ಧೆಯನ್ನೇ ಬಿಟ್ಟುಕೊಟ್ಟಿತು. ಫ್ರೆಂಚ್ ತಂಡಕ್ಕೆ, ಟೂರ್‌ಗೆ ಕೆಲವೇ ವಾರ ಮೊದಲು, ಅದು ಕರುಳು ಹಿಂಡುವ ನಷ್ಟ. ತನ್ನ ಸವಾರರಾದ ಇಗ್ಲಿನ್ಸ್ಕಿ ಸಹೋದರರಿಬ್ಬರೂ ಕೆಂಪು ರಕ್ತಕಣ ಹೆಚ್ಚಿಸುವ ಇಪಿಒ ಬಳಸಿ ಸಿಕ್ಕಿಬಿದ್ದ 2014ರಲ್ಲಿ ಆಸ್ಟಾನಾ ತ್ಯಜಿಸಿದ್ದು ಋತುವಿನ ಕೊನೆಯ ಟೂರ್ ಆಫ್ ಬೀಜಿಂಗ್ ಅನ್ನು. ಪ್ರಾಯೋಜಕರು ನಿಟ್ಟುಸಿರು ಬಿಟ್ಟಿರಬೇಕು!

ಇಪಿಒ, ರಕ್ತ ವರ್ಗಾವಣೆ ಪತ್ತೆಹಚ್ಚುವ ಕೆಲಸವನ್ನು ಈ ಸದಸ್ಯತ್ವದಿಂದ ನಿರೀಕ್ಷಿಸಬೇಡಿ. ಆರು ತಿಂಗಳಿಗೂ ಹೆಚ್ಚು ನಿಷೇಧ ಅನುಭವಿಸಿದವರನ್ನು, ಶಿಕ್ಷೆ ಮುಗಿದ ಮೇಲೂ ಎರಡು ವರ್ಷ ಸೇರಿಸಿಕೊಳ್ಳಬಾರದೆಂಬ ಷರತ್ತು ಚೆನ್ನಾಗಿದೆ. ನೋವು ನಿವಾರಕ ಟ್ರಮಡಾಲ್ ವಿಷಯದಲ್ಲಂತೂ ಪೂರ್ತಿ ಅಂಕ ಕೊಡಬಹುದು: ಯುಸಿಐ 2019ರಲ್ಲಿ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ 2024ರಲ್ಲಿ ನಿಷೇಧಿಸುವ ಮೊದಲೇ ಸದಸ್ಯ ತಂಡಗಳಿಗೆ ಅದು ಬೇಡವೆಂದಿತ್ತು.

ಪ್ರಾಯೋಜಕ ಕಂಪನಿಯವರು ಒಪ್ಪಂದಕ್ಕೆ ಮುನ್ನ ಸದಸ್ಯರ ಪಟ್ಟಿಯೊಂದನ್ನೇ ನೋಡಿದರೆ ಸಾಲದು. ತಂಡ ಹಿಂದೆ ಒಳಗಿದ್ದು ಹೊರಬಂದಿದೆಯೇ, ಯಾವ ಫಲಿತಾಂಶದ ಬೆನ್ನಲ್ಲೇ ಬಂತು ಎಂದು ಕೇಳಿ. ಲೊಟ್ಟೊಎನ್‌ಎಲ್-ಯಂಬೋ ಹೊರನಡೆದದ್ದು ಇಟಲಿಯ ದೊಡ್ಡ ಸ್ಪರ್ಧೆ ಜಿರೋದ 2015ರ ಹೊಸ್ತಿಲಲ್ಲಿ, ಕಾರ್ಟಿಸೋಲ್ ಕಡಿಮೆ ಕಂಡಿದ್ದರಿಂದ ಜಾರ್ಜ್ ಬೆನೆಟ್‌ನನ್ನು ವಾಪಸ್ ಕರೆಸಿಕೊಳ್ಳಬೇಕಾಗಿ ಬಂದ ನಂತರ. ಒಂದೇ ಅಳತೆ ನೆಚ್ಚಿಕೊಂಡು ಆಟಗಾರನನ್ನು ಮನೆಗೆ ಕಳಿಸುವುದು ಹೇಗೆ ಎಂಬ ತಕರಾರಿನಲ್ಲಿ ಹುರುಳಿದೆ. ಬದಲಿ ಹೆಸರಿನ ಗಡುವಿಗೆ ಎರಡು ಮೂರು ದಿನ ಮುಂಚೆಯೇ ರಕ್ತ ತೆಗೆದರೆ ಮರುಪರೀಕ್ಷೆಗೂ ಸಮಯ ಸಿಗುತ್ತದೆ, ತಂಡಕ್ಕೆ ನೆಪವೂ ಉಳಿಯುವುದಿಲ್ಲ.