ಗಾಡಿಗೆ ಬಣ್ಣದ ಸ್ಟಿಕ್ಕರ್: ಮೂರು ತರದ ವಿನೈಲ್, ಒಬ್ಬ ಪೇಂಟರ್

ಚದರ ಅಡಿಗೆ ಎಷ್ಟು ಅಂತ ಕೇಳಿ ಗಾಡಿಗೆ ಸ್ಟಿಕ್ಕರ್ ಹಾಕಿಸಿದರೆ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ. ಉಳಿದ ಅರ್ಧ ಅದನ್ನು ಕೀಳುವ ದಿನ ಗೊತ್ತಾಗುತ್ತದೆ. ನಾನು ಮೂರು ತರದ ವಿನೈಲ್ ಫಿಲ್ಮ್ (ಸ್ಟಿಕ್ಕರ್‌ನ ಪ್ಲಾಸ್ಟಿಕ್ ಹಾಳೆ) ಹಾಕಿಸಿ ನೋಡಿದ್ದೇನೆ, ಒಂದು ಗಾಡಿಗೆ ಪೇಂಟರ್ ಕೈಯಲ್ಲಿ ಬರೆಸಿದ್ದೇನೆ. ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಗಾಡಿಯ ಬಾಡಿ ಹೇಗಿದೆ?

ನಮ್ಮದು ಬ್ಯಾಡಗಿ ಹತ್ತಿರ ಖಾರದ ಪುಡಿ ಮಾಡಿ, ಪ್ಯಾಕ್ ಮಾಡಿ ಅಂಗಡಿಗಳಿಗೆ ಹಾಕುವ ಸಣ್ಣ ವ್ಯಾಪಾರ. ಗಾಡಿಗಳು ಮೂರು. ಕಂಟೇನರ್ ಬಾಡಿಯ ಟಾಟಾ ಏಸ್, ಓಪನ್ ಬಾಡಿಯ ಅಶೋಕ್ ಲೇಲ್ಯಾಂಡ್ ದೋಸ್ತ್, ಒಂದು ಮಾರುತಿ ಇಕೋ ಕಾರ್ಗೋ. ಹುಬ್ಬಳ್ಳಿ, ದಾವಣಗೆರೆ ಕಡೆ ಹೋದರೆ ಬಿಸಿಲು. ಘಟ್ಟ ಇಳಿದು ಅಂಕೋಲಾ, ಕುಮಟಾ ಕಡೆ ಹೋದರೆ ಮಳೆ ಮತ್ತು ಉಪ್ಪು ಗಾಳಿ. ಸ್ಟಿಕ್ಕರ್‌ಗೆ ಬೇಕಾದ ಕಷ್ಟವೆಲ್ಲ ಇಲ್ಲೇ ಸಿಗುತ್ತದೆ.

ಇನ್ನೊಂದು ಕಷ್ಟ ನಮ್ಮ ಸರಕಿನದ್ದೇ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ. ಆದರೆ ಜನ ಅದನ್ನು ಕೊಳ್ಳುವುದು ಬಣ್ಣಕ್ಕೆ. ಖಾರ ಕಮ್ಮಿ, ಕೆಂಪು ಜಾಸ್ತಿ. ಗಾಡಿ ಮೇಲಿನ ಮೆಣಸಿನಕಾಯಿಯೇ ಗುಲಾಬಿ ಬಣ್ಣಕ್ಕೆ ತಿರುಗಿದರೆ ಒಳಗಿರುವ ಪುಡಿಯನ್ನು ಯಾರು ನಂಬುತ್ತಾರೆ? ಅಂಗಡಿಯ ಪ್ರಿಂಟರ್‌ನಲ್ಲಿ ಸಾಮಾನ್ಯವಾಗಿ ಕೆಂಪು ಶಾಯಿ ಅಂತ ಬೇರೆ ಇರುವುದಿಲ್ಲ. ಮೆಜೆಂಟಾ (ಕಡು ಗುಲಾಬಿ) ಮತ್ತು ಹಳದಿ ಸೇರಿಯೇ ಕೆಂಪು ಬರುತ್ತದೆ. ಬಿಸಿಲಿಗೆ ಬೇಗ ಸೋಲುವುದೂ ಅವೆರಡೇ. ಸಯಾನ್ (ತಿಳಿ ನೀಲಿ) ಮತ್ತು ಕಪ್ಪು ಜಾಸ್ತಿ ದಿನ ತಡೆಯುತ್ತವೆ. ನೀಲಿ ಬಣ್ಣದ ನೀರಿನ ಕ್ಯಾನ್ ಮಾರುವವರ ಗಾಡಿ ಹೊಸದರಂತೆ ಕಾಣುವಾಗ ನಮ್ಮದು ಯಾಕೆ ಮಂಕಾಗುತ್ತದೆ ಅನ್ನುವುದಕ್ಕೆ ಉತ್ತರ ಇಷ್ಟೇ.

ಫಿಲ್ಮ್‌ಗಳಲ್ಲಿ ವ್ಯತ್ಯಾಸ ಏನು ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಲ್ಲವೂ ಪಿವಿಸಿಯೇ. ಅದನ್ನು ಮೆತ್ತಗಾಗಿಸಲು ಪ್ಲಾಸ್ಟಿಸೈಸರ್ ಸೇರಿಸುತ್ತಾರೆ. ಮೊನೊಮೆರಿಕ್ ಫಿಲ್ಮ್‌ನಲ್ಲಿ ಅದು ಸಣ್ಣ ಅಣುಗಳದ್ದು, ಬಿಸಿಲಿಗೆ ಬೇಗ ಹೊರಗೆ ಬರುತ್ತದೆ. ಆಗ ಫಿಲ್ಮ್ ಗಟ್ಟಿಯಾಗಿ, ಸೆಟೆದು, ಕುಗ್ಗುತ್ತದೆ. ಪಾಲಿಮೆರಿಕ್‌ನಲ್ಲಿ ಉದ್ದ ಸರಪಳಿಯ ಅಣುಗಳು, ಅವು ಸುಲಭಕ್ಕೆ ಜಾಗ ಬಿಡುವುದಿಲ್ಲ. ಈ ಎರಡನ್ನೂ ಬಿಸಿ ರೋಲರ್‌ಗಳ ನಡುವೆ ಒತ್ತಿ ಹಾಳೆ ಮಾಡುತ್ತಾರೆ. ಲಟ್ಟಿಸಿದ ಚಪಾತಿ ಹಿಂದಕ್ಕೆ ಸೇದುತ್ತದಲ್ಲ, ಇವಕ್ಕೂ ಆ ಗುಣ ಇದೆ. ಕಾಸ್ಟ್ ಫಿಲ್ಮ್ ಬೇರೆ ಜಾತಿ. ದ್ರವವನ್ನು ಹಾಳೆಯ ಮೇಲೆ ಸುರಿದು ಒವನ್‌ನಲ್ಲಿ ಒಣಗಿಸಿ ಮಾಡಿದ್ದು. ಎಳೆತವೇ ಇಲ್ಲದೆ ಹುಟ್ಟಿದ್ದರಿಂದ ಅದು ಹಿಂದಕ್ಕೆ ಸೇದುವುದು ತೀರಾ ಕಮ್ಮಿ. ದಪ್ಪವೂ ಕಮ್ಮಿ, ಸುಮಾರು 50 ಮೈಕ್ರಾನ್. ಉಳಿದವು 70ರಿಂದ 100ರವರೆಗೆ ಇರುತ್ತವೆ. ದಪ್ಪ ಇದ್ದದ್ದು ಗಟ್ಟಿಮುಟ್ಟು ಅಂತ ಅಂಗಡಿಯವರು ಹೇಳುತ್ತಾರೆ. ಗಾಡಿಯ ವಿಷಯದಲ್ಲಿ ಅದು ಉಲ್ಟಾ.

ಏಸ್‌ನ ಕಂಟೇನರ್‌ಗೆ ಎಡಬದಿ ಮೊನೊಮೆರಿಕ್, ಬಲಬದಿ ಪಾಲಿಮೆರಿಕ್ ಹಾಕಿಸಿದೆ. ಡಿಸೈನ್ ಎರಡಕ್ಕೂ ಒಂದೇ, ಕೆಂಪೂ ಒಂದೇ. ಬೇಕಂತಲೇ ಹಾಗೆ ಮಾಡಿಸಿದ್ದು. ಬೆಲೆ ಊರಿಂದ ಊರಿಗೆ ಬೇರೆ ಇರುತ್ತದೆ, ಪ್ರಮಾಣ ಹೇಳುತ್ತೇನೆ. ಮೊನೊಮೆರಿಕ್‌ಗೆ ಒಂದು ರೂಪಾಯಿ ಅಂದುಕೊಂಡರೆ, ಲ್ಯಾಮಿನೇಷನ್ ಸೇರಿ ಪಾಲಿಮೆರಿಕ್‌ಗೆ ಎರಡೂವರೆಯಷ್ಟು ಬಿತ್ತು. ಇಕೋಗೆ ಹಾಕಿಸಿದ ಕಾಸ್ಟ್‌ಗೆ ಏಳು ದಾಟಿತು.

ಮೊದಲ ವಾರ ಎರಡೂ ಬದಿ ಒಂದೇ ತರ ಕಾಣುತ್ತಿದ್ದವು. ಕೆಲವರು ಎಡಬದಿಯೇ ಚೆನ್ನಾಗಿದೆ ಅಂದರು. ಮೋಸ ಹೋಗುವುದು ಇಲ್ಲೇ. ಮೊದಲ ಬೇಸಿಗೆ ಮುಗಿಯುವ ಹೊತ್ತಿಗೆ ಎಡಬದಿಯ ಅಂಚಿನ ಸುತ್ತ ಒಂದು ಸಣ್ಣ ಗೆರೆ ಕಾಣಿಸಿತು. ಫಿಲ್ಮ್ ಕುಗ್ಗಿ, ಕೆಳಗಿದ್ದ ಅಂಟು ಹೊರಗೆ ಉಳಿದು, ಅದಕ್ಕೆ ಧೂಳು ಮೆತ್ತಿ ಕಪ್ಪು ಬಾರ್ಡರ್ ಆಗಿತ್ತು. ರಿವೆಟ್‌ಗಳ ಸುತ್ತ ಗುಳ್ಳೆ ಎದ್ದಿತು. ಬಾಡಿಯ ಉದ್ದುದ್ದ ಉಬ್ಬುಗಳ ಪಕ್ಕದ ತಗ್ಗಿನಲ್ಲಿ ಫಿಲ್ಮ್ ತಗಡು ಬಿಟ್ಟು ಸೇತುವೆ ತರ ನಿಂತಿತು. ಅಲ್ಲಿ ಬೆರಳಿಟ್ಟರೆ ಒಳಗೆ ಟೊಳ್ಳು. ಮಳೆಗಾಲದಲ್ಲಿ ಆ ಟೊಳ್ಳಿನೊಳಗೆ ನೀರು ಹೋಯಿತು.

ಅದರಲ್ಲಿ ಫಿಲ್ಮ್‌ನ ತಪ್ಪು ಎಷ್ಟು, ಕೆಲಸದ ತಪ್ಪು ಎಷ್ಟು ಅಂತ ಬೇರೆ ಮಾಡಿ ನೋಡಬೇಕು. ಎಕೋ ಸಾಲ್ವೆಂಟ್ ಶಾಯಿಯಲ್ಲಿ ಪ್ರಿಂಟ್ ಆದ ಮೇಲೆ ಅದರಲ್ಲಿರುವ ಸಾಲ್ವೆಂಟ್ (ಶಾಯಿಯನ್ನು ತೆಳ್ಳಗಾಗಿಸುವ ದ್ರವ) ಆರಬೇಕು. ಒಂದು ದಿನವಾದರೂ ಬಿಡಬೇಕು, ಎರಡು ದಿನ ಬಿಟ್ಟರೆ ಒಳ್ಳೆಯದು. ಕೆಂಪು, ಮರೂನ್ ತರ ಶಾಯಿ ಜಾಸ್ತಿ ಕುಡಿಯುವ ಡಿಸೈನ್‌ಗಂತೂ ಬಿಡಲೇಬೇಕು. ಇಲ್ಲದಿದ್ದರೆ ಸಾಲ್ವೆಂಟ್ ಫಿಲ್ಮ್ ಒಳಗೇ ಕೂತು ಅಂಟನ್ನೂ ಮೆತ್ತಗೆ ಮಾಡಿ ಅಂಚು ಸುರುಳಿ ಏಳುತ್ತದೆ. ಆದರೆ ಬೆಳಿಗ್ಗೆ ಪ್ರಿಂಟ್, ಸಂಜೆ ಗಾಡಿ ಮೇಲೆ ಅನ್ನುವುದೇ ಎಷ್ಟೋ ಕಡೆ ರೂಢಿ. ಎಡಬದಿಗೆ ಆದದ್ದು ಅದೇ. ಲ್ಯಾಮಿನೇಷನ್ ಕೂಡ ಇರಲಿಲ್ಲ. ಸೋಪು ನೀರು ಸಿಂಪಡಿಸಿ ಅಂಟಿಸಿದರು. ಚಪ್ಪಟೆ ಬೋರ್ಡ್‌ಗೆ ಆ ಪದ್ಧತಿ ನಡೆಯುತ್ತದೆ. ರಿವೆಟ್ ಇರುವ ತಗಡಿಗೆ ನಡೆಯುವುದಿಲ್ಲ, ನೀರು ಸಂದಿಯಲ್ಲೇ ಉಳಿಯುತ್ತದೆ.

ಬಲಬದಿಯ ಪಾಲಿಮೆರಿಕ್ ನನಗೆ ತುಂಬಾ ಹಿಡಿಸಿತು. ಚಪ್ಪಟೆ ಜಾಗದಲ್ಲಿ ಈಗಲೂ ಚೆನ್ನಾಗಿದೆ. ಬಣ್ಣ ಸ್ವಲ್ಪ ಇಳಿದಿದೆ, ಆದರೆ ಕೆಂಪು ಕೆಂಪಾಗಿಯೇ ಇದೆ. ಹೊಳೆಯುವ ಲ್ಯಾಮಿನೇಷನ್ ಮೇಲೆ ಗೋಣಿಚೀಲ ಉಜ್ಜಿದ ಗೀರು ಬಿದ್ದಿವೆ, ಪ್ರಿಂಟ್‌ಗೆ ಏನೂ ಆಗಿಲ್ಲ. ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮ ಗೋಡೌನ್ ಮುಂದೆ ಗಾಡಿ ನಿಲ್ಲುವಾಗ ಎಡಬದಿ ಪಶ್ಚಿಮಕ್ಕೆ ಇರುತ್ತದೆ. ಮಧ್ಯಾಹ್ನದ ಬಿಸಿಲು ಆ ಬದಿಗೇ ಜಾಸ್ತಿ. ಹಾಗಾಗಿ ಬಣ್ಣದ ಪೂರ್ತಿ ವ್ಯತ್ಯಾಸವನ್ನು ಫಿಲ್ಮ್ ಮೇಲೆ ಹಾಕುವುದು ನ್ಯಾಯ ಅಲ್ಲ. ಕುಗ್ಗಿದ್ದನ್ನು ಮಾತ್ರ ಧಾರಾಳವಾಗಿ ಹಾಕಬಹುದು.

ಪಾಲಿಮೆರಿಕ್ ಸೋತದ್ದು ಉಬ್ಬುಗಳ ಹತ್ತಿರ. ಹೀಟ್ ಗನ್ ಹಿಡಿದು ತಗ್ಗಿಗೆ ಕೂರಿಸಿದ್ದರು, ಕೆಲವು ತಿಂಗಳಲ್ಲೇ ಅದು ಮೇಲೆದ್ದಿತು. ಆಮೇಲೆ ಆ ತಗ್ಗಿನ ಉದ್ದಕ್ಕೂ ಬ್ಲೇಡ್‌ನಿಂದ ಸೀಳಿ ಎರಡೂ ಕಡೆ ಒತ್ತಿದೆವು. ಹತ್ತಿರದಿಂದ ನೋಡಿದರೆ ಗೆರೆ ಕಾಣುತ್ತದೆ. ರಸ್ತೆಯಲ್ಲಿ ಯಾರಿಗೂ ಕಾಣಲ್ಲ.

ಇಕೋಗೆ ಹಾಕಿಸಿದ ಕಾಸ್ಟ್ ವಿಷಯಕ್ಕೆ ಬರೋಣ. ಇಕೋದಲ್ಲಿ ಚಪ್ಪಟೆ ಜಾಗ ಕಮ್ಮಿ. ಬಾಗಿಲಿನಲ್ಲಿ ತಗ್ಗು, ಹ್ಯಾಂಡಲ್ ಹಿಂದೆ ಗುಳಿ, ಜಾರುವ ಬಾಗಿಲಿಗೆ ಒಂದು ಉದ್ದ ರೈಲ್. ಇಲ್ಲಿ ಮೊದಲ ಎರಡು ಫಿಲ್ಮ್‌ಗಳನ್ನು ಹಾಕಿಸಬೇಡಿ. ಕಾಸ್ಟ್ ಬಿಸಿ ಮಾಡಿದರೆ ಬಟ್ಟೆಯಂತೆ ಬಗ್ಗುತ್ತದೆ. ಅದರ ಅಂಟಿನಲ್ಲಿ ಗಾಳಿ ಹೊರಹೋಗಲು ಕಣ್ಣಿಗೆ ಕಾಣದ ಸಣ್ಣ ಕಾಲುವೆಗಳಿರುತ್ತವೆ. ತ್ರೀಎಂ, ಏವರಿ ಡೆನಿಸನ್, ಓರಾಫೋಲ್, ಮೂವರೂ ಇಂಥ ಅಂಟಿನ ಫಿಲ್ಮ್ ಮಾಡುತ್ತಾರೆ, ಒಬ್ಬೊಬ್ಬರು ಒಂದೊಂದು ಹೆಸರಿನಲ್ಲಿ. ಇಂಥದ್ದನ್ನು ನೀರು ಹಾಕದೆ ಒಣದಾಗಿಯೇ ಅಂಟಿಸಬೇಕು. ಸೋಪು ನೀರು ಹಾಕಿದರೆ ಕಾಲುವೆ ಮುಚ್ಚಿ ಕೊಟ್ಟ ದುಡ್ಡು ದಂಡ.

ಆದರೆ ಕಾಸ್ಟ್ ಅಂದರೆ ಫಿಲ್ಮ್ ಮಾತ್ರ ಅಲ್ಲ, ಅಂಟಿಸುವವರೂ ಬೇಕು. ನಮ್ಮ ಕಡೆ ಬೋರ್ಡ್ ಅಂಟಿಸುವ ಹುಡುಗರಿಗೆ ಅದು ಕೈಗೆ ಬರಲ್ಲ, ಮಡಚಿಕೊಂಡು ಒಂದಕ್ಕೊಂದು ಅಂಟಿಬಿಡುತ್ತದೆ. ಕಾರ್ ವ್ರ್ಯಾಪ್ ಮಾಡಿ ಅಭ್ಯಾಸ ಇದ್ದವರನ್ನೇ ಹುಬ್ಬಳ್ಳಿಯಿಂದ ಕರೆಸಿದೆ. ಅವರ ಕೆಲಸ ನೋಡುವುದೇ ಒಂದು ಪಾಠ. ಗಾಡಿ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ಒರೆಸಿದರು. ಪಾಲಿಶ್, ವ್ಯಾಕ್ಸ್ ಇದ್ದರೆ ಅಂಟು ಹಿಡಿಯಲ್ಲ ಅಂತ ಅಂಚು, ಸಂದಿಗಳನ್ನು ಇನ್ನೊಮ್ಮೆ ಒರೆಸಿದರು. ತುದಿಗೆ ಬಟ್ಟೆ ಇರುವ ಸ್ಕ್ವೀಜಿ (ಒತ್ತುವ ಪಟ್ಟಿ) ಹಿಡಿದು ನಡುವಿನಿಂದ ಹೊರಗೆ ಒತ್ತುತ್ತಾ ಹೋದರು. ಕೊನೆಗೆ ತಗ್ಗು ಇದ್ದ ಕಡೆಯೆಲ್ಲ ಹೀಟ್ ಗನ್‌ನಿಂದ ಕಾಯಿಸಿದರು, ಕೈಯಲ್ಲಿ ಥರ್ಮಾಮೀಟರ್ ಗನ್ ಹಿಡಿದು 95 ಡಿಗ್ರಿ ದಾಟಿತಾ ಅಂತ ನೋಡುತ್ತಾ. ಫಿಲ್ಮ್‌ಗೆ ಹಳೆಯ ಆಕಾರದ ನೆನಪು ಹೋಗಬೇಕಂತೆ, ಅದಕ್ಕೆ ಆ ಬಿಸಿ. ಏಸ್‌ಗೆ ಅಂಟಿಸಿದವರು ಯಾರೂ ಹೀಗೆ ಬಿಸಿ ಅಳೆದು ಕಾಯಿಸಿರಲಿಲ್ಲ. ಆ ರೈಲ್ ಒಳಗೆ ಮಾತ್ರ ಫಿಲ್ಮ್ ತುಂಬಿಸಲು ಅವರು ಒಪ್ಪಲಿಲ್ಲ, ಅಂಚಿಗೆ ಕತ್ತರಿಸಿ ಒಳಗಿನ ಬಿಳಿ ಹಾಗೇ ಬಿಟ್ಟರು. ಈಗ ಅನ್ನಿಸುತ್ತದೆ, ಅದೇ ಸರಿ. ಎಷ್ಟೇ ಒಳ್ಳೆ ಫಿಲ್ಮ್ ಆದರೂ ಜಗ್ಗಿ ತುಂಬಿದರೆ ಅದು ಎದ್ದೇ ಏಳುತ್ತದೆ.

ಕಾಸ್ಟ್ ಫಿಲ್ಮ್ ಮೇಲೆ ಅಗ್ಗದ ಲ್ಯಾಮಿನೇಷನ್ ಹಾಕಿಕೊಡುವ ಅಂಗಡಿಗಳೂ ಇವೆ, ಹುಷಾರು. ಮೇಲಿನ ಪದರ ಕುಗ್ಗಿದರೆ ಕೆಳಗಿನದನ್ನೂ ಎಳೆದುಕೊಂಡು ಹೋಗುತ್ತದೆ. ಕಾಸ್ಟ್‌ಗೆ ಕಾಸ್ಟ್ ಲ್ಯಾಮಿನೇಷನ್ನೇ ಬೇಕು.

ಇಕೋದ ಪಕ್ಕಗಳು ಇವತ್ತಿಗೂ ಪೇಂಟ್ ಮಾಡಿದ ಹಾಗಿವೆ. ಬಾನೆಟ್ ಮೇಲಿನದು ಮಾತ್ರ ಪಕ್ಕಗಳಿಗಿಂತ ಬೇಗ ಮಂಕಾಯಿತು. ಆಕಾಶಕ್ಕೆ ಮುಖ ಮಾಡಿದ ಜಾಗಕ್ಕೆ ಕಂಪನಿಗಳೇ ವಾರಂಟಿ ಕಮ್ಮಿ ಕೊಡುತ್ತವೆ. ಬಾನೆಟ್, ರೂಫ್ ಮೇಲೆ ಫೋಟೋ ಹಾಕುವುದು ಸುಮ್ನೆ ಖರ್ಚು.

ದೋಸ್ತ್‌ಗೆ ಪೇಂಟರ್. ಓಪನ್ ಬಾಡಿಯ ಪಕ್ಕದ ತಗಡು ಪೂರ್ತಿ ಉಬ್ಬು ತಗ್ಗು, ಅದರ ಮೇಲೆ ದಿನಾ ಹಗ್ಗ ಉಜ್ಜುತ್ತದೆ. ಅದಕ್ಕೂ ಸ್ಟಿಕ್ಕರ್ ಹಾಕಿಸೋಣ ಅಂತ ಹಾವೇರಿಯ ಹಳೆಯ ಪೇಂಟರ್ ಒಬ್ಬರನ್ನು ಸುಮ್ನೆ ಒಂದು ಮಾತು ಕೇಳಿದೆ. "ಸಾವ್ಕಾರ್ರ, ಸ್ಟಿಕ್ಕರ್ ಬ್ಯಾಡ ಅನ್ನಂಗಿಲ್ಲ. ಆದ್ರ ಹಗ್ಗ ತಾಕೋ ಕಡೆ ಅದು ನಿಂದ್ರಂಗಿಲ್ಲ ನೋಡ್ರಿ," ಅಂದರು. ಎನಾಮಲ್‌ನಲ್ಲಿ ಹೆಸರು ಬರೆದು, ಎರಡು ಮೆಣಸಿನಕಾಯಿ ಬಿಡಿಸಿಕೊಟ್ಟರು. ಪ್ಯಾಕೆಟ್ ಫೋಟೋ ಬರಲ್ಲ, ಆ ನಯ ಬರಲ್ಲ, ಗಾಡಿ ಕೆಲವು ದಿನ ಕೆಲಸ ಬಿಟ್ಟು ನಿಲ್ಲಬೇಕು. ಆದರೆ ಉಬ್ಬು, ತಗ್ಗು, ರಿವೆಟ್ ಯಾವುದೂ ಕುಂಚಕ್ಕೆ ಲೆಕ್ಕಕ್ಕಿಲ್ಲ. ಗೀರು ಬಿದ್ದರೆ ಸಣ್ಣ ಡಬ್ಬಿ ತಂದು ತುಂಬಿದರಾಯಿತು. ಹೊಳಪು ಹೋಗುತ್ತದೆ, ಅಕ್ಷರ ಹೋಗಲ್ಲ. ಫೋನ್ ನಂಬರ್ ಬದಲಾದಾಗ ಅವರು ಬಂದು ಅದನ್ನಷ್ಟೇ ತಿದ್ದಿ ಹೋದರು. ಏಸ್‌ನಲ್ಲಿ ಅದೇ ನಂಬರಿಗೆ ತೇಪೆ ಹಾಕಿದ್ದು ದೂರದಿಂದಲೇ ಕಾಣುತ್ತದೆ, ಹಳೆಯ ಕೆಂಪಿನ ಮೇಲೆ ಹೊಸ ಕೆಂಪು.

ಕೀಳುವ ಲೆಕ್ಕ ಅಂದೆನಲ್ಲ. ಏಸ್‌ನ ಎಡಬದಿ ಕೀಳಲು ಹೊರಟಾಗ ಫಿಲ್ಮ್ ಉಗುರಿನಷ್ಟು ಉಗುರಿನಷ್ಟು ಚೂರಾಗಿ ಬಂತು. ಅಂಟೆಲ್ಲ ತಗಡಿನ ಮೇಲೇ ಉಳಿಯಿತು. ಹೀಟ್ ಗನ್, ಪ್ಲಾಸ್ಟಿಕ್ ಬ್ಲೇಡ್, ಥಿನ್ನರ್, ಕೂಲಿ ಎಲ್ಲ ಕೂಡಿಸಿದರೆ ಅಂಟಿಸಿದ್ದಕ್ಕಿಂತ ಕಿತ್ತದ್ದಕ್ಕೇ ಜಾಸ್ತಿ ಆಯಿತು. ಹಿಂದೆ ಡೆಂಟಿಂಗ್ ಮಾಡಿ ಮತ್ತೆ ಬಣ್ಣ ಹೊಡೆದಿದ್ದ ಒಂದು ಮೂಲೆಯಲ್ಲಿ ಫಿಲ್ಮ್ ಜೊತೆ ಪೇಂಟ್ ಕೂಡ ಎದ್ದು ಬಂತು. ಕಂಪನಿ ಪೇಂಟ್ ಇರುವ ಕಡೆ ಹಾಗೆ ಆಗಲಿಲ್ಲ. ಇಕೋದ ಒಂದು ಬಾಗಿಲು ಗುದ್ದಿಸಿಕೊಂಡಾಗ ಅಲ್ಲಿನ ಕಾಸ್ಟ್ ಕೀಳಬೇಕಾಯಿತು. ಸ್ವಲ್ಪ ಬಿಸಿ ಮಾಡಿ, ಓರೆಯಾಗಿ ನಿಧಾನಕ್ಕೆ ಎಳೆದರೆ ಇಡೀ ಹಾಳೆ ಒಂದೇ ಸಲ ಬಂತು. ಈ ಲೆಕ್ಕ ಸೇರಿಸಿದರೆ ಒಂದು ರೂಪಾಯಿಯ ಫಿಲ್ಮ್ ಮತ್ತು ಎರಡೂವರೆಯ ಫಿಲ್ಮ್ ನಡುವೆ ಉಳಿತಾಯ ಅನ್ನುವುದೇ ಇಲ್ಲ. ಮೊನೊಮೆರಿಕ್‌ಗೆ ಜಾಗ ಇದೆ: ಜಾತ್ರೆ, ಹಬ್ಬದ ಆಫರ್, ಎರಡು ಮೂರು ತಿಂಗಳ ಪ್ರಚಾರ. ಅಷ್ಟರೊಳಗೆ ಕಿತ್ತರೆ ಅದು ಸಲೀಸಾಗಿ ಬರುತ್ತದೆ. ಕಂಟೇನರ್‌ಗೆ ಫ್ಲೆಕ್ಸ್ ಬಿಗಿದು ಓಡಿಸುವವರೂ ಇದ್ದಾರೆ. ಗಾಳಿಗೆ ಪಟಪಟ ಬಡಿದು ಹರಿಯುವುದನ್ನು ಹೈವೇಯಲ್ಲಿ ದಿನಾ ನೋಡುತ್ತೇವೆ, ಅದರ ಮಾತು ಬೇಡ.

ಯಾವುದೇ ಫಿಲ್ಮ್ ಇರಲಿ, ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಪೈಪ್ ಅನ್ನು ಅಂಚಿಗೆ ಹಿಡಿಯಲು ಬಿಡಬೇಡಿ. ಡೀಸೆಲ್, ಪೆಟ್ರೋಲ್ ಹಾಕುವ ಬಾಯಿಯ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ಕತ್ತರಿಸಿ, ಸೋರಿದ್ದು ಅಂಟನ್ನು ತಿನ್ನುತ್ತದೆ. ಕಂಟೇನರ್ ಅಂಚಿನ ಹೊಳೆಯುವ ರಿಫ್ಲೆಕ್ಟರ್ ಟೇಪ್, ಗಾಡಿ ಮೇಲೆ ಬರೆದ ತೂಕದ ವಿವರ, ಇವುಗಳ ಮೇಲೆ ಸ್ಟಿಕ್ಕರ್ ಹೋಗಬಾರದು. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಪರೀಕ್ಷೆಗೆ) ಹೋದಾಗ ತಕರಾರು ಬರುತ್ತದೆ. ಇಡೀ ಗಾಡಿಯ ಬಣ್ಣವೇ ಬದಲಾಗುವಂತೆ ಸುತ್ತಿಸುವುದಾದರೆ ಆರ್‌ಸಿಯಲ್ಲಿರುವ ಬಣ್ಣದ ವಿಷಯ ಮೊದಲು ಆರ್‌ಟಿಒದಲ್ಲಿ ಕೇಳಿ. ಹಿಂದಿನ ಗಾಜಿಗೆ ತೂತು ತೂತಿನ ಒನ್ ವೇ ವಿಷನ್ ಸ್ಟಿಕ್ಕರ್ (ಹೊರಗಿನಿಂದ ಚಿತ್ರ, ಒಳಗಿನಿಂದ ಹೊರಗಿನದು ಕಾಣುವಂಥದ್ದು) ಹಾಕುವ ಆಸೆಯೂ ಬೇಡ. ಮುಂದಿನ, ಹಿಂದಿನ ಗಾಜಿನಲ್ಲಿ ಶೇ. 70ರಷ್ಟು, ಪಕ್ಕದ್ದರಲ್ಲಿ ಶೇ. 50ರಷ್ಟು ಬೆಳಕು ದಾಟಬೇಕು ಅನ್ನುವುದು ನಿಯಮ. ಸಾಮಾನ್ಯ ಒನ್ ವೇ ವಿಷನ್‌ನಲ್ಲಿ ತೂತಿನ ಪಾಲೇ ಅರ್ಧ ಅಥವಾ ಅದಕ್ಕಿಂತ ಕಮ್ಮಿ.

ಪ್ರಿಂಟ್‌ಗೆ ಕೊಡುವಾಗ ಕನ್ನಡದವರಿಗೇ ಇರುವ ಒಂದು ತೊಂದರೆ ಇದೆ. ನುಡಿ, ಶ್ರೀಲಿಪಿ ಫಾಂಟ್‌ನಲ್ಲಿ ಮಾಡಿದ ಕೋರೆಲ್ (ಡಿಸೈನ್ ಸಾಫ್ಟ್‌ವೇರ್) ಫೈಲನ್ನು ಹಾಗೇ ಕಳಿಸಿದರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಎಲ್ಲೋ ಹೋಗಿ ಕೂರುತ್ತದೆ. ಅಕ್ಷರಗಳನ್ನು ಕರ್ವ್ ಮಾಡಿಸಿಯೇ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗಿ ಬದಲಿಸಿಯೇ ಕಳಿಸಿ. ವಾಟ್ಸಾಪ್‌ನಲ್ಲಿ ಫೋಟೋ ತರ ಕಳಿಸಬೇಡಿ. ಡಿಸೈನ್ ಮಾಡುವವರಿಗೆ ಗಾಡಿಯ ಅಳತೆ ಕೊಟ್ಟರೆ ಸಾಲದು, ಉಬ್ಬು, ಹ್ಯಾಂಡಲ್, ಕೀಲು ಎಲ್ಲಿವೆ ಅಂತ ಫೋಟೋ ಕೊಡಿ. ಫೋನ್ ನಂಬರ್ ಚಪ್ಪಟೆ ಜಾಗದಲ್ಲಿ, ಬೇರೆಯೇ ತುಂಡಾಗಿ ಇರಲಿ.

ಈಗ ಏಸ್‌ನ ಎಡಬದಿಗೂ ಪಾಲಿಮೆರಿಕ್ ಬಂದಿದೆ, ಇಕೋ ಕಾಸ್ಟ್‌ನಲ್ಲೇ ಇದೆ, ದೋಸ್ತ್ ಪೇಂಟರ್ ಕೈಯಲ್ಲಿದೆ. ಹೊಸದಾಗಿ ಹಾಕಿಸುವವರು ಬಿಲ್‌ನಲ್ಲಿ ಬರೀ 'ವಿನೈಲ್ ಪ್ರಿಂಟ್' ಅಂತ ಬರೆಸಿಕೊಳ್ಳಬೇಡಿ. ಫಿಲ್ಮ್‌ನ ಕಂಪನಿ, ಅದರ ನಂಬರ್, ಲ್ಯಾಮಿನೇಷನ್ ಯಾವುದು, ಮೂರೂ ಇರಲಿ. ದೊಡ್ಡ ಕಂಪನಿಗಳ ಫಿಲ್ಮ್‌ನ ಹಿಂದಿನ ಕಾಗದದ ಮೇಲೆ ಸಾಮಾನ್ಯವಾಗಿ ಹೆಸರು ಅಚ್ಚಾಗಿರುತ್ತದೆ. ಅಂಟಿಸುವ ದಿನ ಆ ಕಾಗದ ನೆಲಕ್ಕೆ ಬೀಳುತ್ತಲೇ ಒಂದು ತುಂಡು ಹರಿದು ಬಿಲ್ ಜೊತೆ ಪಿನ್ ಮಾಡಿಟ್ಟುಕೊಳ್ಳಿ.