ಡೊಂಬಿವಲಿಯ ಹೂಡಿಕೆ ಆಫೀಸು: ಅರ್ಧ ಖುಷಿ, ಅರ್ಧ ಸಿಟ್ಟು

ಹೆಸರು ಹಾಕಲ್ಲ, ಸ್ಟೇಶನ್ ಹತ್ರದ ಸಣ್ಣ ಆಫೀಸು ಅಷ್ಟೇ. ನನ್ನ ದುಡ್ಡೆಲ್ಲ ಎಫ್‌ಡಿ ಮತ್ತೆ ಎರಡು ಮ್ಯೂಚುವಲ್ ಫಂಡಲ್ಲೇ ಕೂತಿತ್ತು, ಬೇರೆ ಕಡೆನೂ ಸ್ವಲ್ಪ ಹಾಕೋಣ ಅಂತ ಹೋದೆ. ಅಲ್ಲಿದ್ದ ಹುಡುಗ ಧಾರವಾಡದವನಂತೆ, ‘ಬರ್ರಿ ಸರ್, ಚಹಾ ತಗೋರಿ’ ಅಂದ್ಕೂಡ್ಲೇ ಅರ್ಧ ನಂಬಿಕೆ ಬಂದ್ಬಿಡ್ತು, ನನ್ನ ವೀಕ್ನೆಸ್ ಅದು.

ಒಳ್ಳೇದು ಮೊದ್ಲು ಹೇಳ್ತೀನಿ. ಎಐಎಫ್‌ಗೆ (ದೊಡ್ಡ ಹೂಡಿಕೆದಾರರ ದುಡ್ಡು ಒಟ್ಟು ಸೇರ್ಸೋ ಖಾಸಗಿ ಫಂಡು) ಕಮ್ಮಿ ಅಂದ್ರೂ 1 ಕೋಟಿ, ಪಿಎಂಎಸ್‌ಗೆ (ನಮ್ ಹೆಸರಲ್ಲೇ ಷೇರು-ಗೀರು ನೋಡ್ಕೊಳ್ಳೋ ಸೇವೆ) 50 ಲಕ್ಷ ಬೇಕು, ನಿಮಗಲ್ಲ ಬಿಡ್ರಿ ಅಂತ ನೇರವಾಗಿ ಹೇಳಿದ. ರೀಟ್ (ಜನರ ದುಡ್ಡು ಸೇರ್ಸಿ ಬಾಡಿಗೆ ಬಿಲ್ಡಿಂಗ್ ಇಟ್ಕೊಳ್ಳೋ ಟ್ರಸ್ಟು) ಬಗ್ಗೆನೂ ಚೆನ್ನಾಗಿ ಬಿಡಿಸಿ ಹೇಳಿದ, ಆಫೀಸ್ ಬಿಲ್ಡಿಂಗ್‌ಗಳ ಬಾಡಿಗೆಯಿಂದ ಹಂಚೋಕೆ ಉಳಿಯೋ ದುಡ್ಡಲ್ಲಿ ಕನಿಷ್ಠ 90% ಯೂನಿಟ್ ಇಟ್ಕೊಂಡೋರಿಗೆ ಹಂಚ್ಲೇಬೇಕು, ಷೇರಿನ ಥರ ಡಿಮ್ಯಾಟಲ್ಲೇ ಒಂದೊಂದು ಯೂನಿಟ್ ತಗೋಬಹುದು, ಬೇಡಾಂದ್ರೆ ಮಾರಬಹುದು, ರೇಟು ಮಾತ್ರ ಏರಿಳಿಯತ್ತೆ. ಮೈಂಡ್‌ಸ್ಪೇಸ್ ಅನ್ನೋ ರೀಟ್ ತಗೊಂಡೆ, ಐರೋಲೀಲಿ ಅದರ ಆಫೀಸ್ ಬಿಲ್ಡಿಂಗ್‌ಗಳಿವೆ. ಈಗ ಥಾಣೆ-ವಾಶಿ ಲೋಕಲ್ ಐರೋಲಿಗೆ ಬಂದಾಗೆಲ್ಲ ಕಿಟಕಿ ಕಡೆ ಕೈ ತೋರ್ಸಿ ‘ಇಲ್ಲಿ ನಂದೂ ಒಂದು ಟೈಲ್ಸ್ ಇದೆ ಕಣೇ’ ಅಂತೀನಿ, ಹೆಂಡ್ತಿ ನಗ್ತಾಳೆ.

ಸಿಟ್ಟು ಯಾಕಂದ್ರೆ, ಇನ್‌ವಾಯ್ಸ್ ಡಿಸ್ಕೌಂಟಿಂಗ್ (ಕಂಪನಿಗಳ ಬಾಕಿ ಬಿಲ್ ಮೇಲೆ ಈಗ್ಲೇ ದುಡ್ಡು ಕೊಟ್ಟು, ಬಿಲ್ ಪಾವತಿ ಆದಾಗ ಲಾಭ ಸೇರ್ಸಿ ವಾಪಸ್ ತಗೊಳ್ಳೋದು) ಅನ್ನೋದನ್ನ ‘90 ದಿನ, ಎಫ್‌ಡಿ ಇದ್ದಂಗ’ ಅಂತ ತಲೆಗೆ ಕಟ್ಟಿದ. ಅಲ್ವೇ ಅಲ್ಲ! ಬಿಲ್ ಕಟ್ಬೇಕಾದ ಕಂಪನಿ ಲೇಟ್ ಮಾಡಿದ್ರೆ ನಮ್ ದುಡ್ಡೂ ಲೇಟು, ಬ್ಯಾಂಕ್ ಡಿಪಾಸಿಟ್‌ಗಿರೋ 5 ಲಕ್ಷದ ಇನ್ಶೂರೆನ್ಸೂ ಇದಕ್ಕಿಲ್ಲ. ನನ್ 50 ಸಾವಿರ ಐದು ತಿಂಗಳಾದ್ಮೇಲೆ ಬಂತು, ಅಷ್ಟರಲ್ಲಿ ಅವ್ನು ಫೋನ್ ಎತ್ತೋದೇ ಬಿಟ್ಟಿದ್ದ. ನಿಂಗೆಷ್ಟಪ್ಪಾ ಕಮಿಷನ್ ಅಂತ ಹೋಗಿ ಕೇಳಿದ್ರೆ ಉತ್ತರ ಬರ್ಲಿಲ್ಲ, ಚಹಾ ಬಂತು.

5ಕ್ಕೆ ಎರಡೂವರೆ, ಅದ್ರಲ್ಲಿ ಅರ್ಧ ಚಹಾಕ್ಕೆ.