ಬಿದನೂರು ಬಿದ್ದ ವರ್ಷನ ಯಾವ ಲೆಕ್ಕದಲ್ಲಿ ಬರೆಯೋದು?

ಮನೆತನದ ಇತಿಹಾಸ ಬರೀತಿದೀರಾ, ಕ್ರಿಸ್ತಶಕ ಹಾಕೋದೋ ಶಕ ವರ್ಷ ಹಾಕೋದೋ ಅಂತ ಗೊಂದಲನಾ? ಹೈದರಾಲಿ ಬಿದನೂರು, ಅಂದ್ರೆ ನಮ್ಮ ಹೊಸನಗರದ ಹತ್ರ ಇರೋ ನಗರ, ತಗೊಂಡಿದ್ದು 1763ರ ಶುರುನಲ್ಲಿ. ಆ ಜನವರಿನೇ ಹಿಡ್ಕೊಳ್ಳಿ.

ಶಾಲಿವಾಹನ ಶಕದಲ್ಲಿ ಅದು 1684, ಚಿತ್ರಭಾನು ಸಂವತ್ಸರ. 78 ಕಳೆದ್ರೆ 1685 ಬರತ್ತಲ್ಲ ಅಂತೀರಿ, ಆದ್ರೆ ಯುಗಾದಿ ಇನ್ನೂ ಬಂದಿರಲ್ಲ, ಹಾಗಾಗಿ ಜನವರಿಗೆ 79 ಕಳೀಬೇಕು, ಇಲ್ಲೇ ಸುಮಾರು ಜನ ಎಡವೋದು. ಹಿಜರಿ, ಅಂದ್ರೆ ಮುಸ್ಲಿಮರ ವರ್ಷದ ಲೆಕ್ಕ, ಇನ್ನೂ ಬೇರೆ ಥರ. ಅದು ಶುರುವಾದ 622 ಕಳೆದು 1141 ಅಂತ ಬರೆದ್ರೆ ಪೂರ್ತಿ ತಪ್ಪು, ಹಿಜರಿಯ ಚಾಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದು, ಅಷ್ಟು ವರ್ಷದಲ್ಲಿ ಅದೆಲ್ಲ ಸೇರಿ ಸೇರಿ ನಿಜವಾದ ಲೆಕ್ಕ 1176.

ಸಂವತ್ಸರದ ಹೆಸರು ಕೇಳೋಕೆ ಚೆಂದ, ಆದ್ರೆ ಅದೊಂದನ್ನೇ ನಂಬ್ಕೋಬೇಡಿ. ನಮ್ಮನೆ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾದ ಒಂದು ಅಡಿಕೆ ಲೆಕ್ಕದ ಪುಸ್ತಕ ಸಿಕ್ತು, ಮೊದಲ ಹಾಳೇಲಿ ಬರೀ "ಚಿತ್ರಭಾನು ಸಂ॥" ಅಂತಿದೆ, ಶಕ ಇಲ್ಲ. 60 ವರ್ಷಕ್ಕೊಮ್ಮೆ ತಿರುಗಿ ಬರೋ ಹೆಸರು ಅದು, 1822ಕ್ಕೆ ಶುರುವಾಗಿದ್ದೋ 1882ಕ್ಕೋ, ಅಜ್ಜಯ್ಯ ಇದ್ದಿದ್ರೆ ಕೇಳ್ಬಹುದಿತ್ತು ಅಂತ ಈಗ್ಲೂ ಹೊಟ್ಟೆ ಉರಿಯತ್ತೆ.

ನನ್ನ ಕೇಳಿದ್ರೆ ಶಕ ವರ್ಷ, ಸಂವತ್ಸರ ಎರಡನ್ನೂ ಹಾಕಿ, ಪಕ್ಕದಲ್ಲಿ ಕ್ರಿಸ್ತಶಕ. ಶಾಸನದವ್ರೂ ಮೊದಲೆರಡನ್ನ ಜೊತೇಲೇ ಕೆತ್ತಿಸ್ತಿದ್ರು. ತಿಂಗಳು, ತಿಥಿ ಗೊತ್ತಿದ್ರೆ ಅದನ್ನೂ ಬಿಡ್ಬೇಡಿ.